ಎರಡು ಗುಂಡಿ

ಹೊಳೆ ದಂಡೆಯ ಆಶ್ರಮದಲ್ಲಿ ಕರೆಂಟಿನ ಎಣ್ಣೆ ಗಾಣವೊಂದು, ಅದರ ಮಗ್ಗುಲಲ್ಲೇ ಹಿಟ್ಟಿನ ಗಿರಣಿ. ಗಾಣಕ್ಕೆ ಊರಿನ ಲೈನು. ಗಿರಣಿಗೆ ಜನರೇಟರು.

ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಎರಡಕ್ಕೂ ಅರ್ಥಿಂಗ್ ಮಾಡಿದವನು ಶಿಷ್ಯ ತೋಟಯ್ಯ. ಒಂದೊಂದಕ್ಕೂ ಬೇರೆ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ತಾಮ್ರದ ಪಟ್ಟಿ ಇಳಿಸಿದ್ದ. ಸೋಮವಾರ ತಪ್ಪದೆ ಎರಡಕ್ಕೂ ಕೊಡ ನೀರು ಹೊಯ್ಯುತ್ತಿದ್ದ. ದೇವರಿಗೂ ಅಷ್ಟು ನಿಷ್ಠೆಯಿಂದ ಅಭಿಷೇಕ ಮಾಡಿದವನಲ್ಲ.

ಒಂದು ಬೆಳಗ್ಗೆ ಸಾಂತವ್ವ ಗಾಣದ ಮೇಲೆ ಒಂದು ಕೈ ಇಟ್ಟುಕೊಂಡೇ ಇನ್ನೊಂದು ಕೈಯನ್ನು ಗಿರಣಿಗೆ ಚಾಚಿದಳು. "ಕರೆಂಟ ಹೊಡೀತು!" ಅಂತ ಚೀರಿ ಕೆಳಗೆ ಬಿದ್ದಳು. ಹದಿನಾಲ್ಕು ವರ್ಷದಿಂದ ಆ ಗಾಣ ನಡೆಸುತ್ತಿದ್ದವಳು.

ತೋಟಯ್ಯ ಮೀಟರು ತಂದ. ಓಡುತ್ತಿದ್ದ ಗಾಣಕ್ಕೂ ಅದರ ಗುಂಡಿಯ ಪಟ್ಟಿಗೂ ಹಿಡಿದು ನೋಡಿದ. ಮುಳ್ಳು ಏಳಲಿಲ್ಲ. ಗಿರಣಿಯನ್ನೂ ಹಾಗೇ ನೋಡಿದ. ಅಲ್ಲೂ ಏಳಲಿಲ್ಲ.

"ಕರೆಂಟೂ ಇಲ್ಲ, ಏನೂ ಇಲ್ಲ. ನಿನ್ನ ಮನಸಿನ ಅಂಜಿಕಿ ಯವ್ವಾ."

ಸಾಂತವ್ವ ಸೆರಗು ಕೊಡವಿ ಎದ್ದಳು. "ಹಂಗಾರ ನಾ ಸುಳ್ಳ ಹೇಳಿದಂಗಾತು. ನಾಳಿಯಿಂದ ಬರಂಗಿಲ್ಲ." ಹೊರಟೇಬಿಟ್ಟಳು.

ತೋಟಯ್ಯನಿಗೆ ಊಟ ಸೇರಲಿಲ್ಲ. ಗುರುಗಳ ಬಳಿ ಬಂದ. ಅವರನ್ನು ಎಲ್ಲರೂ ಅಜ್ಜಾರು ಅಂತಲೇ ಕರೆಯುವುದು.

"ಅಜ್ಜಾರ, ಎರಡೂ ಸರಿ ಅದಾವ್ರಿ. ಆಕಿಗೆ ಹೆಂಗ ಹೊಡದೀತು?"

"ಆಕಿ ಕೈ ಇಟ್ಟಲ್ಲೆ ಮೀಟರ ಇಟ್ಟು ನೋಡಿದೇನು?"

ತೋಟಯ್ಯ ಅಜ್ಜಾರನ್ನು ಕರೆತಂದು ಎರಡನ್ನೂ ಓಡಿಸಿದ. ಮೀಟರಿನ ಒಂದು ತಂತಿ ಗಾಣಕ್ಕೆ, ಇನ್ನೊಂದು ಗಿರಣಿಗೆ ತಾಗಿಸಿದ. ಮುಳ್ಳು ಎದ್ದು ಅರವತ್ತು ವೋಲ್ಟಿಗೆ ನಿಂತಿತು.

"ಇದೇನ್ರಿ ಅಜ್ಜಾರ! ಎರಡೂ ಭೂಮಿಗೇ ಮುಟ್ಯಾವ. ಭೂಮಿ ಒಂದ ಅಲ್ಲೇನ್ರಿ?"

"ಭೂಮಿ ಒಂದ ಐತಿ. ಗುಂಡಿ ಎರಡು ತೋಡಿದಾಂವ ಯಾರು?"

"ಒಂದರ ದೋಷ ಇನ್ನೊಂದಕ್ಕ ತಗಲಬಾರದಂತ ಬ್ಯಾರೆ ಇಟ್ಟೆರಿ."

"ನಡುವ ನಿಂತಾಕಿಗೆ ತಗಲ್ತು."

ತೋಟಯ್ಯ ಎರಡನ್ನೂ ಬಂದ್ ಮಾಡಿ, ಗುಂಡಿಯಿಂದ ಗುಂಡಿಗೆ ನೆಲ ಅಗೆದ. ದಪ್ಪ ತಾಮ್ರದ ಪಟ್ಟಿ ಎಳೆದು ಎರಡನ್ನೂ ಬೆಸೆದ. ಮತ್ತೆ ಓಡಿಸಿ, ಅದೇ ಜಾಗದಲ್ಲಿ ಮೀಟರಿಟ್ಟ. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಗಾಣದ ಮೋಟಾರಿನಲ್ಲಿ ಕರೆಂಟು ಸೋರುತ್ತಿದ್ದ ಜಾಗವನ್ನೂ ಹುಡುಕಿ ಸರಿಮಾಡಿದ.

ಮಣ್ಣುಗೈಯಲ್ಲೇ ಅಜ್ಜಾರ ಬಳಿ ಓಡಿ ಬಂದ. ಖುಷಿ ತಡೆಯಲಾಗುತ್ತಿರಲಿಲ್ಲ.

"ಎಲ್ಲಾ ಕೂಡಿಸಿದೆರಿ ಅಜ್ಜಾರ! ಇನ್ನ ಮಣ್ಣ ಮುಚ್ಚಲ್ರಿ?"

ಅಜ್ಜಾರು ಸಾಂತವ್ವ ಹೋದ ಹಾದಿಯನ್ನೇ ನೋಡುತ್ತಿದ್ದರು.

"ತಡಿ. ಆಕಿ ಮನೀತನಕ ಪಟ್ಟಿ ಇನ್ನೂ ಎಳದಿಲ್ಲಲ್ಲ."