ಸೋದರತ್ತೆ ಸ್ಟಾಪ್

ನಮ್ಮ ಕಲ್ಲಗಟ್ಟಿ ಶಹರದಲ್ಲಿ ರೈಲ್ವೆ ಕಾಲೊನಿಯ ಮುಂದೆ ಬಸ್ಸು ನಿಲ್ಲುವ ಜಾಗಕ್ಕೆ ಸೋದರತ್ತೆ ಸ್ಟಾಪ್ ಎಂದು ಹೆಸರು. ಫಲಕದಲ್ಲಿ ಬೇರೇನೋ ಬರೆದಿದೆ. ಅದನ್ನು ಓದಿ ಟಿಕೆಟ್ ಕೇಳಿದರೆ ಕಂಡಕ್ಟರನಿಗೇ ತಿಳಿಯುವುದಿಲ್ಲ. ಸ್ಟಾಪಿನ ಹಿಂದೆ ತಗಡಿನ ಬೇಲಿ, ಬೇಲಿಯೊಳಗೆ ಜಾಲಿಗಿಡ, ಒಡೆದ ಕಾಂಕ್ರೀಟು. ರೈಲ್ವೆಯ ದೊಡ್ಡ ಆಫೀಸು ಇದ್ದದ್ದು ಅಲ್ಲೇ.

ಹಿಂದೆ ಒಮ್ಮೆ, ನಮ್ಮ ಅಜ್ಜಿಯರು ಹರೆಯದಲ್ಲಿದ್ದಾಗ, ಆ ಕಟ್ಟಡ ಎದ್ದಿತಂತೆ. ಅಂತಸ್ತುಗಳನ್ನೆಲ್ಲ ದಪ್ಪ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ಗೋಡೆಯೇ ಇಲ್ಲದೆ ಬಯಲು ಬಿಟ್ಟಿದ್ದರು. ಹೊಸ ಕಾಲದ ಶೈಲಿ ಎಂದು ದೂರದವರು ಬಂದು ಹೊಗಳಿದರು. ಕಾಲೊನಿಯ ಹೆಂಗಸರಿಗೆ ಕಂಡದ್ದು ಒಂದೇ: ಕೆಳಗೆ ಗಾಳಿ ಬರುತ್ತದೆ. ಅವರ ಮನೆಗಳಿಗೆ ತಗಡಿನ ಸೂರು. ಬೇಸಿಗೆಯಲ್ಲಿ ಕೂಸುಗಳ ಮೈತುಂಬ ಬೆವರುಗುಳ್ಳೆ. ಒಬ್ಬೊಬ್ಬರಾಗಿ ಬಂದು, ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಸೀರೆಯ ಜೋಲಿಯಲ್ಲಿ ಮಕ್ಕಳನ್ನು ಮಲಗಿಸತೊಡಗಿದರು. ಆಫೀಸಿನ ಸಾಹೇಬರು ಸಹಿಸಲಿಲ್ಲ. 'ಇದೇನು ಆಫೀಸೋ ಹೆರಿಗೆ ಆಸ್ಪತ್ರೆಯೋ?' ಎಂದು ರೇಗಿ, ಜೋಲಿ ಬಿಚ್ಚಲು ಟೈಪಿಸ್ಟ್ ಫಿಲೋಮಿನಾ ಅವರನ್ನು ಕಳಿಸಿದರು. ಹೆಂಗಸರ ಮುಂದೆ ತಾವೇ ಬರುವ ಧೈರ್ಯ ಅವರಿಗೆ ಇರಲಿಲ್ಲ ಎನ್ನುತ್ತಾರೆ.

ಅಂದು ಕಂಬದಡಿ ಹಳಿ ಕೆಲಸದ ಹನುಮಪ್ಪ, ದುರುಗವ್ವ ದಂಪತಿಯ ಮಗಳಿಗೆ ಹೆಸರಿಡುವ ಶಾಸ್ತ್ರ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ತೊಟ್ಟಿಲಿನ ಮೇಲೆ ಬಗ್ಗಿದಾಗ ಉಳಿದವರು ಬೆನ್ನಿಗೆ ಗುದ್ದುವುದು ವಾಡಿಕೆ. ಹನುಮಪ್ಪನಿಗೆ ಅಕ್ಕತಂಗಿಯರಿಲ್ಲ. ಯಾರು ಬಗ್ಗಬೇಕೆಂದು ಜಗಳವೇ ನಡೆದಿತ್ತು. ಮಂಗಳೂರಿನ ಕಡೆಯ ಫಿಲೋಮಿನಾಗೆ ಇದೊಂದೂ ಗೊತ್ತಿಲ್ಲ. ಗಂಟು ಬಿಚ್ಚಲು ಜೋಲಿಯ ಮೇಲೆ ಬಗ್ಗಿದರು. ಮುದುಕಿ ಸಂಕ್ರವ್ವ ಧಡ್ಡನೆ ಗುದ್ದಿದಳು. ಅವಳು ತಪ್ಪು ತಿಳಿದಳೋ, ಬೇಕೆಂದೇ ಮಾಡಿದಳೋ, ಮಿಕ್ಕವರು ಕೇಳುತ್ತ ಕೂರದೆ ತಾವೂ ಗುದ್ದತೊಡಗಿದರು.

"ಅಯ್ಯೋ, ಯಾಕೆ ಹೊಡೀತೀರಿ?"

"ಅತ್ತಿ ಆದಮ್ಯಾಲೆ ಗುದ್ದು ತಿನ್ನಬೇಕ್ರಿ ಬಾಯಾರ. ಲಗೂನ ಹೆಸರು ಹೇಳ್ರಿ!"

ಬೆನ್ನು ಉಳಿದರೆ ಸಾಕೆಂದು ಫಿಲೋಮಿನಾ ತಮ್ಮ ತಾಯಿಯ ಹೆಸರು ಹೇಳಿಬಿಟ್ಟರು. ದುರುಗವ್ವನ ಮಗಳು ರೆಜಿನಾ ಆದಳು. ಗುಳ್ಳೆ ತುಂಬಿದ ಮುಖದ ಆ ಕೂಸು ಗಾಳಿಗೆ ಹಾಯಾಗಿ ಕಣ್ಣು ಮುಚ್ಚಿದ್ದನ್ನು ಅವರು ಆಗಲೇ ನೋಡಿದ್ದು. ಗಂಟು ಮುಟ್ಟದೆ ಮೇಲೆ ಹೋದರು.

"ಬಿಚ್ಚಿದಿರಾ?" ಎಂದರು ಸಾಹೇಬರು.

"ಇಲ್ಲ ಸರ್. ನಾನೀಗ ಆ ಕೂಸಿಗೆ ಅತ್ತೆ. ಬೇಕಾದರೆ ನೀವೇ ಹೋಗಿ ಬಗ್ಗಿ."

ಸಾಹೇಬರು ಬಗ್ಗಲಿಲ್ಲ. ಆಫೀಸು ಇರುವತನಕ ಜೋಲಿಗಳು ತೂಗಿದವು.

ಕಟ್ಟಡ ಹಳೆಯದಾಯಿತೆಂದು ಈಚೆಗೆ ಕೆಡವಿದರು. ಈಗ ಜೋಲಿ ಕಟ್ಟಲು ಕಂಬವಿಲ್ಲ. ಆದರೂ ಸೋದರತ್ತೆ ಇಲ್ಲದ ಕೂಸನ್ನು ಹೆಸರಿಡಲು ಈ ಸ್ಟಾಪಿಗೇ ತರುತ್ತಾರೆ. ಇಬ್ಬರು ಹೆಂಗಸರು ಸೀರೆಯ ಎರಡು ತುದಿ ಹಿಡಿದು ನಿಲ್ಲುತ್ತಾರೆ; ಬಸ್ಸಿನಿಂದ ಮೊದಲು ಇಳಿದವಳನ್ನು ಬಗ್ಗಿಸುತ್ತಾರೆ. ಯಾವ ಊರು, ಯಾರ ಪೈಕಿ ಎಂದು ಕೇಳುವುದು ಗುದ್ದಿದ ಮೇಲೆ.