ಕೂಗು ಹಾಕದೆ ಒಡೆದ ಕಾಲುವೆ

“ಗುರುಗಳೇ, ಎಲ್ಲರಿಗೂ ಸೇರಿದ ಒಂದನ್ನು ಸರಿಮಾಡುವವನು ಅದನ್ನು ಸ್ವಲ್ಪ ಹೊತ್ತು ಕೆಡಿಸಲೇಬೇಕಾಗಿ ಬಂದರೆ, ಹಾಗೆ ಕೆಡಿಸುವುದು ತಪ್ಪೇ?”

ಶಿಷ್ಯ ಕೇಳಿದ್ದು ಆಪರೇಟಿಂಗ್ ಸಿಸ್ಟಮ್ ವಿಷಯ. ಕಂಪ್ಯೂಟರನ್ನು ನಡೆಸುವ ಆ ಕೋಡನ್ನು ಬೇರೆ ಬೇರೆ ಊರುಗಳಲ್ಲಿದ್ದ ಬಹಳ ಜನ ಸೇರಿ ಬರೆಯುತ್ತಿದ್ದರು. ಒಬ್ಬ ಸೇರಿಸಿದ್ದನ್ನು ಉಳಿದವರು ಇಳಿಸಿಕೊಂಡು ಅದರ ಮೇಲೆ ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಶಿಷ್ಯ ಮಾಡಬೇಕಿದ್ದ ಬದಲಾವಣೆ ಎರಡು ಕಂತಿನದು. ಮೊದಲನೆಯದು ಸೇರಿ ಎರಡನೆಯದು ಸೇರುವವರೆಗೆ ಯಾರ ಕೋಡೂ ಓಡುವಂತಿರಲಿಲ್ಲ.

“ಊಟ ಮಾಡಿ ಬರುವಷ್ಟು ಹೊತ್ತು, ಅಷ್ಟೇ,” ಎಂದ ಶಿಷ್ಯ. “ಅಷ್ಟಕ್ಕೆ ಎಲ್ಲರಿಗೂ ಡಂಗುರ ಹೊಡೆಯಬೇಕೇ ಎನ್ನುವುದೇ ನನ್ನ ಕುತೂಹಲ. ಅವರಿಗೆ ಗೊತ್ತಾಗುವುದರೊಳಗೆ ಎಲ್ಲ ಸರಿಹೋಗಿರುತ್ತದೆ.”

“ಕೆಡಿಸುವುದು ತಪ್ಪಲ್ಲ,” ಎಂದರು ಗುರುಗಳು. “ಕೀಳದೆ ಕಟ್ಟಲು ಯಾರಿಂದಲೂ ಆಗದು. ಡಂಗುರದ ಮಾತಿಗೆ ಒಂದು ಕತೆ ಇದೆ, ಕೇಳು.”

ಒಂದು ಕಾಲುವೆ ಇತ್ತು. ಅದರ ಉದ್ದಕ್ಕೂ ಗದ್ದೆಗಳಿದ್ದವು. ಪ್ರತಿ ಗದ್ದೆಗೂ ನೀರು ಬಿಟ್ಟುಕೊಳ್ಳಲು ಕಲ್ಲು ಜೋಡಿಸಿದ ಒಂದು ತೂಬು. ತೂಬು ಅವರವರದು, ಕಾಲುವೆ ಎಲ್ಲರದು. ಎಲ್ಲರದು ಎಂದಮೇಲೆ ಅದರ ರಿಪೇರಿಗೆ ಯಾರಾದರೊಬ್ಬರು ಕೈ ಹಾಕಬೇಕು, ಕೈ ಹಾಕಿದರೆ ನೀರು ನಿಲ್ಲಿಸಬೇಕು. ಅದಕ್ಕೆ ಅಲ್ಲೊಂದು ಪದ್ಧತಿ ಇತ್ತು. ಕಾಲುವೆ ಒಡೆಯುವವನು ಮೊದಲು ಕೆಳಗಿನ ಗದ್ದೆಯವನಿಗೆ ಕೂಗಿ ಹೇಳುತ್ತಿದ್ದ. ಅವನು ತನ್ನ ತೂಬು ಮುಚ್ಚಿ, ಮುಚ್ಚಿದ ಗುರುತಿಗೆ ಅದರ ಮೇಲೆ ಲಕ್ಕಿ ಸೊಪ್ಪಿನ ಕೊಂಬೆ ಸಿಕ್ಕಿಸಿ, ತನ್ನ ಕೆಳಗಿನವನಿಗೆ ಕೂಗುತ್ತಿದ್ದ. ಹೀಗೆ ಕೂಗು ಕೊನೆಯ ಗದ್ದೆ ಮುಟ್ಟಿದ ಮೇಲೆಯೇ ಗುದ್ದಲಿ ಬೀಳುತ್ತಿತ್ತು. ಕೆಲಸ ಮುಗಿದಮೇಲೆ ಒಡೆದವನೇ ನೀರಿನ ಜೊತೆ ಕೊನೆಯ ಗದ್ದೆಯವರೆಗೆ ನಡೆದುಹೋಗಿ, ಅಲ್ಲಿಗೆ ನೀರು ಬಂದದ್ದನ್ನು ಕಂಡು ಮನೆಗೆ ಮರಳುತ್ತಿದ್ದ.

ಮೇಲುಗಡೆ ಒಬ್ಬ ರೈತನಿದ್ದ. ಕಲ್ಲುಕೆಲಸದಲ್ಲಿ ಎತ್ತಿದ ಕೈ. ಅವನ ಗದ್ದೆಯ ಎದುರಿಗೆ ಕಾಲುವೆಯ ತಳ ಕುಸಿದು ನೀರು ಹಳ್ಳಕ್ಕೆ ಸೋರಿಹೋಗುತ್ತಿತ್ತು. ಯಾರೂ ಹೇಳದಿದ್ದರೂ ಅದನ್ನು ಸರಿಮಾಡಲು ಹೊರಟ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಬೇಕಾದ ಕಲ್ಲುಗಳನ್ನೆಲ್ಲ ಮೊದಲೇ ಕೆತ್ತಿ ದಡದ ಮೇಲೆ ಜೋಡಿಸಿಟ್ಟುಕೊಂಡಿದ್ದ. ಕೂಗು ಹಾಕಲು ಮಾತ್ರ ಅವನಿಗೆ ಮನಸ್ಸು ಬರಲಿಲ್ಲ. ಕೂಗಿದರೆ ನಾಲ್ಕು ಜನ ಸೇರುತ್ತಾರೆ. ಸೇರಿದವರು ಸುಮ್ಮನೆ ನಿಲ್ಲುತ್ತಾರೆಯೇ? ಆ ಕಲ್ಲು ಹೀಗಿಡು, ಈ ಕಲ್ಲು ಹಾಗಿಡು ಎನ್ನುತ್ತಾರೆ. ಕೈ ಕೆಸರು ಮಾಡಿಕೊಳ್ಳದವರ ಬಾಯಿ ಯಾವಾಗಲೂ ಜೋರು. ಅವರಿಗೆ ತಿಳಿಯುವುದರೊಳಗೆ ಮುಗಿಸಿಬಿಡುತ್ತೇನೆ ಎಂದುಕೊಂಡು ಅವನು ಕಾಲುವೆಗೆ ಅಡ್ಡಲಾಗಿ ಮಣ್ಣು ಹಾಕಿದ, ತಳ ಕಿತ್ತ.

ಕೊನೆಯ ಗದ್ದೆಯಲ್ಲಿ ಇನ್ನೊಬ್ಬ ರೈತನಿದ್ದ. ಅವನ ಭತ್ತದ ಸಸಿಮಡಿ ಆಗತಾನೆ ಹಸುರಾಗುತ್ತಿತ್ತು. ಅವನ ಮನೆಯ ವರ್ಷದ ಅನ್ನ ಆ ಮಡಿಯಲ್ಲಿತ್ತು. ಹಿಂದಿನ ದಿನವಷ್ಟೇ ಅವನು ತೂಬಿಗೆ ಹೊಸ ಕಲ್ಲೊಂದನ್ನು ಕೂರಿಸಿದ್ದ. ಈಗ ನೋಡಿದರೆ ಮಡಿಗೆ ನೀರು ಹರಿಯುತ್ತಿಲ್ಲ. ಕಾಲುವೆಯ ಕೊನೆಯಲ್ಲಿ ನೀರು ಯಾವಾಗಲೂ ಮಡುಗಟ್ಟಿ ನಿಂತಿರುತ್ತದೆ. ಆದ್ದರಿಂದ ಮೇಲಿಂದ ಬರುವುದು ನಿಂತಿದೆ ಎಂದು ಅವನ ಕಣ್ಣಿಗೆ ಕಾಣಲಿಲ್ಲ. ಕಂಡದ್ದು ತಾನು ಕೂರಿಸಿದ ಕಲ್ಲು. ಅದು ಎತ್ತರವಾಯಿತೇನೋ ಎಂದು ಅದನ್ನು ಕಿತ್ತ. ನೀರು ಸ್ವಲ್ಪ ಹರಿದು ನಿಂತಿತು. ಅದರ ಕೆಳಗಿನ ಕಲ್ಲನ್ನೂ ಕಿತ್ತ. ಮತ್ತೆ ಸ್ವಲ್ಪ ಹರಿದು ನಿಂತಿತು.

ಹೆಂಡತಿ ಅಂದಳು, “ಮೇಲಕ್ಕೊಂದು ಸಲ ಹೋಗಿ ನೋಡ್ಕೊಂಡು ಬರಬಾರದಾ?”

“ಕೂಗು ಬಂತೇನೆ? ಕೂಗದೆ ಯಾರಾದರೂ ಕಾಲುವೆ ಒಡೀತಾರಾ? ಕೆಟ್ಟಿರೋದು ನನ್ನ ತೂಬೇ,” ಎಂದ ಅವನು.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕೂಗಿಲ್ಲವೆಂದರೆ ಕಾಲುವೆ ಸರಿಯಾಗಿದೆ ಎಂದೇ ಆ ಊರಿನಲ್ಲಿ ಅರ್ಥ. ಅಷ್ಟು ನಂಬಿಕೆ ಇದ್ದದ್ದರಿಂದಲೇ ಅವನು ಮೇಲಕ್ಕೆ ಹೋಗಲಿಲ್ಲ, ನೆಟ್ಟಗಿದ್ದ ತನ್ನ ತೂಬನ್ನೇ ಬುಡದವರೆಗೆ ಬಿಚ್ಚಿ ಹಾಕಿದ.

ಅಷ್ಟರಲ್ಲಿ ಮೇಲಿನ ರೈತ ಕೆಲಸ ಮುಗಿಸಿದ್ದ. ಅಂದುಕೊಂಡಷ್ಟೇ ಹೊತ್ತಿನಲ್ಲಿ, ಸೊಗಸಾಗಿ ಮುಗಿಸಿದ್ದ. ಅಡ್ಡ ಹಾಕಿದ ಮಣ್ಣನ್ನು ತೆಗೆದ. ಕಟ್ಟಿ ನಿಂತಿದ್ದ ನೀರು ಮೊದಲಿಗಿಂತ ಜೋರಾಗಿ ಹೊರಟಿತು. ಅದನ್ನು ಕಂಡು ಅವನ ಮನಸ್ಸು ತುಂಬಿತು. ಕೂಗಿಯೇ ಇಲ್ಲದಮೇಲೆ ಕೊನೆಯವರೆಗೆ ನಡೆಯುವುದೇಕೆ ಎಂದು ನೇರವಾಗಿ ಊಟಕ್ಕೆ ಹೋದ. ಕೆಳಗೆ ತೂಬಿರಲಿಲ್ಲ, ತೂಬಿದ್ದ ಕಡೆ ಬರೀ ಬಾಯಿ ತೆರೆದಿತ್ತು. ನೀರು ನುಗ್ಗಿ ಸಸಿಮಡಿಯನ್ನು ಕೊಚ್ಚಿಕೊಂಡು ಹೋಯಿತು.

ಊರವರು ಸೇರಿದರು. ಮೇಲಿನ ರೈತ, “ನನ್ನ ಕೆಲಸದಲ್ಲಿ ಒಂದು ತಪ್ಪು ತೋರಿಸಿ ನೋಡೋಣ. ತೂಬು ಕಿತ್ತವನು ಕೊನೆಯ ಗದ್ದೆಯವನೇ ಅಲ್ಲವೇ?” ಎಂದು ಕೇಳಿದ. ಕಲ್ಲುಗಳನ್ನು ಎಷ್ಟು ನೋಡಿದರೂ ಯಾರಿಗೂ ತಪ್ಪು ಸಿಗಲಿಲ್ಲ. ಆದರೆ ಕೊನೆಯ ಗದ್ದೆಗೆ ಹೋಗಿ, ಗಂಡ ಹೆಂಡತಿ ಕೆಸರಿನಲ್ಲಿ ಕೂತು ಸಸಿ ಹುಡುಕುತ್ತಿದ್ದುದನ್ನು ಕಂಡಮೇಲೆ ಅವನು ವಾದ ಬಿಟ್ಟ. ತನ್ನ ಸಸಿಮಡಿಯಲ್ಲಿ ಅರ್ಧವನ್ನು ಅವರಿಗೆ ಕೊಟ್ಟ. ತೂಬನ್ನೂ ತಾನೇ ಕಟ್ಟಿಕೊಟ್ಟ.

ಗುರುಗಳು ಕತೆ ಮುಗಿಸಿದರು.

“ಹಾಗಾದರೆ ನಷ್ಟ ತುಂಬಿ ಬಂತಲ್ಲ, ಗುರುಗಳೇ,” ಎಂದ ಶಿಷ್ಯ. “ಕಾಲುವೆಯೂ ಗಟ್ಟಿಯಾಯಿತು, ಸಸಿಯೂ ಸಿಕ್ಕಿತು. ಇನ್ನು ಕೆಟ್ಟು ಉಳಿದದ್ದು ಏನು?”

“ಅಂದಿನಿಂದ ಆ ಊರಿನಲ್ಲಿ ನೀರು ತುಸು ಸಣ್ಣಗಾದರೂ ಸಾಕಪ್ಪ, ಕೂಗಿಲ್ಲ ಎಂದು ಯಾರೂ ನಂಬಿ ಕೂರುವುದಿಲ್ಲ, ಒಬ್ಬೊಬ್ಬನೂ ಗುದ್ದಲಿ ಹೆಗಲಿಗಿಟ್ಟುಕೊಂಡು ತನ್ನ ಮೇಲಿನವನ ಗದ್ದೆಗೆ ಹೊರಡುತ್ತಾನೆ.”