ವಿಷ ಕುಡಿದ ದಿಮ್ಮಿಗಳು

“ಗುರುಗಳೇ, ಕೆಟ್ಟತನ ಮೈಗಿಳಿದ ಮನುಷ್ಯನನ್ನು ಸರಿಪಡಿಸಲು ಆಗುತ್ತದೆಯೇ? ಅಂಥವನನ್ನು ದೂರ ಮಾಡುವುದೇ ಲೇಸಲ್ಲವೇ?” ಎಂದು ಕರಿಬಸವನೆಂಬ ಶಿಷ್ಯ ಕೇಳಿದನು. ಯಾರ ವಿಷಯವೆಂದು ಹೇಳಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದೂರಿನ ರೈಲು ದಾರಿಯ ಬದಿಯಲ್ಲಿ, ಹಳಿಗಳ ಅಡಿಯಿಂದ ಕಿತ್ತ ಹಳೆಯ ಮರದ ದಿಮ್ಮಿಗಳು ರಾಶಿ ಬಿದ್ದಿದ್ದವು. ಗೆದ್ದಲು ಹತ್ತದಿರಲೆಂದು ಹಿಂದೆ ಅವಕ್ಕೆ ವಿಷದ ಎಣ್ಣೆ ಕುಡಿಸಿದ್ದರು. ಅವನ್ನು ಒಲೆಗೆ ಹಾಕಿದ ಮನೆಗಳಲ್ಲಿ ಕಣ್ಣು ಉರಿದು ಕೆಮ್ಮು ಹತ್ತಿತು. ಊರಿನವರು ಅವನ್ನು ಹೂಳಲು ಗುಂಡಿ ತೋಡಿದರು.

ಒಬ್ಬ ಕುಂಬಾರಗಿತ್ತಿ ಅಡ್ಡ ಬಂದಳು. ಹೂಳಿದರೆ ವಿಷ ಬಾವಿಗೆ ಇಳಿಯುತ್ತದೆ, ನನಗೇ ಕೊಡಿ, ವಿಷ ತೆಗೆದು ಇದ್ದಿಲು ಮಾಡುತ್ತೇನೆ ಎಂದಳು.

ಅವಳು ದಿಮ್ಮಿಯ ತುಂಡುಗಳನ್ನು ಕಬ್ಬಿಣದ ಪೀಪಾಯಿಯೊಳಗೆ ಮುಚ್ಚಿ, ಕೆಳಗೆ ಬೆಂಕಿ ಹಾಕಿದಳು. ಮೊದಲ ಸಲ ಸಂದಿನಿಂದ ಗಾಳಿ ಹೊಕ್ಕು ಮರ ಹೊತ್ತಿಕೊಂಡಿತು. ಕರಿಹೊಗೆ ಕೇರಿಯನ್ನೆಲ್ಲ ತುಂಬಿತು. ಅವಳ ಹುಬ್ಬು ಸುಟ್ಟಿತು. ಮುಂದಿನ ಸಲ ಹೆದರಿ ಕಾವು ತಗ್ಗಿಸಿದಳು. ಸೀಳಿ ನೋಡಿದರೆ ತಿರುಳಿನಲ್ಲಿ ಅದೇ ನಾತ.

ನೆರೆಮನೆಯ ಕಮ್ಮಾರ ಬಂದು, “ಸಾಕು ಮಾಡಮ್ಮಾ. ಅದಕ್ಕೆ ತಿರುಳಿನವರೆಗೂ ವಿಷ ಹಿಡಿದಿದೆ” ಎಂದನು.

“ಹೊರಗಿನಿಂದ ಹೋದದ್ದೇ ಅಲ್ಲವೇ ಅಣ್ಣಾ? ಬಂದ ದಾರಿಯಲ್ಲೇ ಕಳಿಸುತ್ತೇನೆ” ಎಂದಳು ಅವಳು.

ಹೀಗೆ ಎಷ್ಟೋ ಸಲ ಸೋತಳು. ಕೊನೆಗೆ ಸಂದುಗಳಿಗೆಲ್ಲ ಜೇಡಿಮಣ್ಣು ಮೆತ್ತಿದಳು. ಮುಚ್ಚಳಕ್ಕೆ ಕೊಳವೆ ಜೋಡಿಸಿ ತಣ್ಣೀರಿನ ತೊಟ್ಟಿಯ ಮೂಲಕ ಹಾಯಿಸಿದಳು. ಕಾವು ಏರದಂತೆ, ಇಳಿಯದಂತೆ ಪಕ್ಕದಲ್ಲೇ ಕುಳಿತು ಕಾದಳು. ಮರ ಉರಿಯಲಿಲ್ಲ. ವಿಷ ಆವಿಯಾಗಿ ಹೊರಟು, ಕೊಳವೆಯಲ್ಲಿ ತಣಿದು, ಕಪ್ಪು ಎಣ್ಣೆಯಾಗಿ ತೊಟ್ಟಿಕ್ಕಿತು. ಅದನ್ನು ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟಳು.

ಪೀಪಾಯಿ ತೆರೆದಾಗ ಒಳಗೆ ಹಗುರವಾದ ಇದ್ದಿಲು ಇತ್ತು. ಕಮ್ಮಾರ ಒಂದು ತುಂಡನ್ನು ಮುರಿದು ಮೂಸಿದನು. ಮತ್ತೊಂದನ್ನು ಮುರಿದನು. ಎಲ್ಲೂ ನಾತವಿರಲಿಲ್ಲ. ಪಟ್ಟಣದಿಂದ ಬಂದ ಪರೀಕ್ಷಕರಿಗೂ ಅದರಲ್ಲಿ ವಿಷ ಕಾಣಲಿಲ್ಲ. ಆ ಇದ್ದಿಲನ್ನೇ ತನ್ನ ಕುಲುಮೆಗೆ ತುಂಬಿ ಕಮ್ಮಾರ ತಿದಿ ಒತ್ತಿದನು. ಹೊಗೆಯಿಲ್ಲದ ಕೆಂಪು ಬೆಂಕಿ ಎದ್ದಿತು. ಕೇರಿಯವರೆಲ್ಲ ಕಿಟಕಿ ತೆರೆದು ನೋಡಿದರು. ಊರಿನವರು ತಾವೇ ತೋಡಿದ ಗುಂಡಿಯನ್ನು ಮುಚ್ಚಿ, ದಿಮ್ಮಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಅವಳ ಅಂಗಳದಲ್ಲಿ ಇಳಿಸಿದರು. ಅವಳು ನಗುತ್ತಾ ಸೆರಗು ಸಿಕ್ಕಿಸಿ ನಿಂತಳು.

ಕರಿಬಸವನ ಮುಖ ಅರಳಿತು. “ಇಷ್ಟಕ್ಕೆಲ್ಲ ಅವಳಿಗೆ ಎಷ್ಟು ಕಾಲ ಹಿಡಿಯಿತು, ಗುರುಗಳೇ?”

“ಎರಡು ವರ್ಷ. ನಿನ್ನ ತಮ್ಮನಿಗೆ ನೀನು ಎಷ್ಟು ದಿನ ಕೊಟ್ಟೆ?” ಎಂದರು ಗುರುಗಳು.